ಎರಡನೆಯ ಸಲ ನಡೆದ ದಾರಿ

ಕಳೆದ ವರ್ಷ ಡಿಸೆಂಬರ್ 31ರ ರಾತ್ರಿ, ನಮ್ಮೂರ ದೇವಾಲಯದಲ್ಲಿ ವರ್ಷಾಂತ್ಯದ ಆರಾಧನೆಯನ್ನು ಮುಗಿಸಿಕೊಂಡು ಮನೆಗೆ ಬಂದವನು ಒಂದು ಹಳೆಯ ನೋಟುಪುಸ್ತಕವನ್ನು ತೆರೆದೆನು. ವರ್ಷದ ಆರಂಭದಲ್ಲಿ ಬಹು ಉತ್ಸಾಹದಿಂದ ಪ್ರಾರಂಭಿಸಿದ ಪುಸ್ತಕ ಅದು. ಇಂದು ಪ್ರಾರ್ಥನೆ ಮಾಡಿದೆನೆ, ಸತ್ಯವೇದವನ್ನು ಓದಿದೆನೆ, ಸುಳ್ಳಾಡಿದೆನೆ, ಯಾರ ಮೇಲಾದರೂ ಸಿಟ್ಟಾದೆನೆ ಎಂದು ಗೆರೆ ಎಳೆದು, ಮನೆಗಳನ್ನು ಮಾಡಿ, ದಿನಕ್ಕೊಂದು ಗುರುತು ಹಾಕುವ ಏರ್ಪಾಡು. ಜನವರಿಯ ಮನೆಗಳೆಲ್ಲ ತುಂಬಿದ್ದವು. ಫೆಬ್ರವರಿಯಲ್ಲಿ ಅಲ್ಲಲ್ಲಿ ಬರಿದು. ಮಾರ್ಚಿಯಿಂದ ಮುಂದಕ್ಕೆ ಹಾಳೆಗಳೆಲ್ಲ ಬಿಳುಪು. ಕ್ರೈಸ್ತನೆಂದು ಹೆಸರು ಹೊತ್ತ ನಾನು ಒಂದು ವರ್ಷದಲ್ಲಿ ಬೆಳೆದದ್ದು ಇಷ್ಟೇ ಎನ್ನಿಸಿ ನಾಚಿಕೆಯಾಯಿತು. ಪುಸ್ತಕವನ್ನು ಒಲೆಗೆ ಹಾಕಿಬಿಡೋಣವೆಂದುಕೊಂಡೆ.

ಹಾಕಲಿಲ್ಲ. ಹಾಕದಂತೆ ನನ್ನ ಕೈ ಹಿಡಿದವರು 1834ರಲ್ಲಿಯೇ ತೀರಿಕೊಂಡ ವಿಲಿಯಂ ಕೇರಿಯವರು. ಅವರ ಪರಿಚಯ ನನಗಾದದ್ದು ದೇವಾಲಯದಲ್ಲಲ್ಲ, ಕನ್ನಡ ತರಗತಿಯಲ್ಲಿ. 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಇಂಗ್ಲಿಷರಿಗಾಗಿ ಬರೆದ ಕನ್ನಡ ವ್ಯಾಕರಣವೊಂದು ಅಚ್ಚಾಯಿತೆಂದೂ, ಅದರ ಕರ್ತೃ ಜೋಡು ಹೊಲಿಯುವ ಕಸುಬಿನಿಂದ ಬಂದ ಒಬ್ಬ ಪಾದ್ರಿಯೆಂದೂ ನಮ್ಮ ಅಧ್ಯಾಪಕರು ಪಾಠದ ನಡುವೆ ಹೇಳಿದರು. ಅಷ್ಟು ದೂರದಲ್ಲಿ ಕುಳಿತು ಕನ್ನಡಕ್ಕೆ ವ್ಯಾಕರಣ ಬರೆದ ಈತ ಯಾರು ಎಂಬ ಕುತೂಹಲದಿಂದ ಆ ಜೀವನವನ್ನು ಓದತೊಡಗಿದೆ. ಓದಿದ್ದರಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಲಿಯಂ ಕೇರಿ ಹುಟ್ಟಿದ್ದು 1761ನೆಯ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ತಂದೆ ಮೊದಲು ನೇಕಾರ, ಆಮೇಲೆ ಅದೇ ಊರಿನ ಶಾಲೆಯ ಉಪಾಧ್ಯಾಯ. ಬಿಸಿಲು ತಾಕಿದರೆ ಹುಡುಗನ ಚರ್ಮಕ್ಕೆ ಬಾಧೆಯಾಗುತ್ತಿದ್ದುದರಿಂದ ಹೊಲದ ಕೆಲಸ ಸಾಧ್ಯವಾಗಲಿಲ್ಲ. ಹದಿನಾಲ್ಕರ ಸುಮಾರಿಗೆ ನೆರೆಯ ಹಳ್ಳಿಯಲ್ಲಿ ಜೋಡು ಹೊಲಿಯುವವನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು.

ಮಹಾಪುರುಷರ ಬಾಲ್ಯವೆಂದರೆ ಸದ್ಗುಣಗಳ ಪಟ್ಟಿಯನ್ನು ನಾವು ನಿರೀಕ್ಷಿಸುತ್ತೇವೆ. ಇಲ್ಲಿ ಸಿಕ್ಕುವುದು ಒಂದು ಕಳ್ಳತನ. ಕ್ರಿಸ್‌ಮಸ್ ಕಾಲದಲ್ಲಿ ಕಸುಬು ಕಲಿಯುವ ಹುಡುಗರು ಗಿರಾಕಿಗಳ ಮನೆ ಅಂಗಡಿಗಳಿಗೆ ಹೋಗಿ ಇನಾಮು ಪಡೆಯುವುದು ಅಲ್ಲಿನ ವಾಡಿಕೆ. ಕಬ್ಬಿಣದ ಸಾಮಾನಿನ ವ್ಯಾಪಾರಿಯೊಬ್ಬ ಆರು ಪೆನ್ನಿಯ ನಾಣ್ಯ ಬೇಕೋ ಒಂದು ಷಿಲಿಂಗು ಬೇಕೋ ಎಂದು ಕೇಳಿದಾಗ ಕೇರಿ ಷಿಲಿಂಗನ್ನೇ ತೆಗೆದುಕೊಂಡ. ಅದು ಖೋಟಾ ನಾಣ್ಯವೆಂದು ತಿಳಿದದ್ದು ಆಮೇಲೆ. ಯಜಮಾನನ ಹಣವೂ ಕೈಯಲ್ಲಿತ್ತು. ಅದರಲ್ಲಿನ ಒಳ್ಳೆಯ ಷಿಲಿಂಗನ್ನು ತಾನಿಟ್ಟುಕೊಂಡು, ಖೋಟಾ ನಾಣ್ಯ ಯಜಮಾನನದೆಂದು ಸುಳ್ಳು ಹೇಳಲು ನಿಶ್ಚಯಿಸಿದ. ದಾರಿಯುದ್ದಕ್ಕೂ ಪ್ರಾರ್ಥನೆ ಬೇರೆ: ಇದೊಂದು ಸಲ ದಾಟಿಸಿಬಿಡು ದೇವರೇ, ಮುಂದೆ ಇಂಥದ್ದನ್ನು ಮಾಡುವುದಿಲ್ಲ ಎಂದು. ದೇವರು ದಾಟಿಸಲಿಲ್ಲ. ಮೋಸ ಬಯಲಾಯಿತು. ಊರಿನವರಿಗೆ ಮುಖ ತೋರಿಸಲಾರದಷ್ಟು ನಾಚಿಕೆಯಾಯಿತು. ತಾನು ಒಳ್ಳೆಯವನೆಂಬ ಭ್ರಮೆ ಹರಿದದ್ದು ಆಗ. ಕೇರಿಯವರು ಈ ಸಂಗತಿಯನ್ನು ಎಂದೂ ಮರೆಮಾಚಲಿಲ್ಲ. ದೊಡ್ಡವರಾದ ಮೇಲೆ ತಾವೇ ಬರೆದು ತಿಳಿಸಿದರು.

ಮುಂದಿನ ವರ್ಷಗಳು ಬಡತನದವು. 1781ರಲ್ಲಿ ಡೊರೊಥಿ ಪ್ಲಾಕೆಟ್ ಎಂಬಾಕೆಯೊಡನೆ ಮದುವೆಯಾಯಿತು. ಮೊದಲನೆಯ ಮಗು ಎಳೆತನದಲ್ಲಿಯೇ ಜ್ವರದಿಂದ ತೀರಿಕೊಂಡಿತು. 1783ರಲ್ಲಿ ನಾರ್ಥಾಂಪ್ಟನ್ನಿನ ನದಿಯಲ್ಲಿ ಕೇರಿಯವರು ದೀಕ್ಷಾಸ್ನಾನ ಪಡೆದು ಬ್ಯಾಪ್ಟಿಸ್ಟ್ ಸಭೆಗೆ ಸೇರಿದರು. ಹಗಲು ಚರ್ಮ ಹೊಲಿಯುವುದು, ಮಕ್ಕಳಿಗೆ ಪಾಠ ಹೇಳುವುದು, ಭಾನುವಾರ ಬೋಧನೆ. ನಡುನಡುವೆ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಅಭ್ಯಾಸ. ಕೆಲಸದ ಕೋಣೆಯ ಗೋಡೆಯ ಮೇಲೆ ತಾವೇ ತಯಾರಿಸಿದ ಪ್ರಪಂಚದ ಭೂಪಟ. 1792ರಲ್ಲಿ ಅವರ ಪ್ರೇರಣೆಯಿಂದ ಕೆಟರಿಂಗ್ ಎಂಬ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಸಂಘ ಸ್ಥಾಪನೆಯಾದಾಗ ಕೂಡಿದ ಚಂದಾ ಕೇವಲ 13 ಪೌಂಡು ಚಿಲ್ಲರೆ. ಮರುವರ್ಷ ಜೂನ್ ತಿಂಗಳಿನಲ್ಲಿ ಕುಟುಂಬ ಸಮೇತ ಹಡಗು ಹತ್ತಿ, 1793ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದಿಳಿದರು. ಆಮೇಲೆ 41 ವರ್ಷ ಬದುಕಿದರೂ ತಾಯ್ನಾಡಿಗೆ ಒಮ್ಮೆಯೂ ಹಿಂದಿರುಗಲಿಲ್ಲ.

ಇಲ್ಲಿಂದಾಚೆಗೆ ಅವರ ತಾಳ್ಮೆಯ ಪರೀಕ್ಷೆ. ಹೊಟ್ಟೆಪಾಡಿಗಾಗಿ ಮಾಲ್ದಾ ಕಡೆಯ ಮದ್ನಾಬತಿಯಲ್ಲಿ ನೀಲಿ ಕಾರ್ಖಾನೆಯೊಂದನ್ನು ನೋಡಿಕೊಳ್ಳುವ ಕೆಲಸ ಹಿಡಿದರು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡಾಗ, ಗುಳಿ ತೋಡುವುದಕ್ಕೂ ಹೆಣ ಹೊರುವುದಕ್ಕೂ ಜನ ಸಿಕ್ಕುವುದು ಕಷ್ಟವಾಯಿತು. ಡೊರೊಥಿಯವರಿಗೆ ಬುದ್ಧಿಭ್ರಮಣೆಯಾಯಿತು. ಸುವಾರ್ತೆ ಸಾರಲು ಬಂದವರಿಗೆ ಏಳು ವರ್ಷಗಳವರೆಗೆ ಒಬ್ಬ ಭಾರತೀಯನೂ ಒಲಿಯಲಿಲ್ಲ. 1800ನೆಯ ಡಿಸೆಂಬರ್ 28ರಂದು ಕೃಷ್ಣಪಾಲನೆಂಬ ಬಡಗಿ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದಾಗಲೇ ಮೊದಲ ಫಲ. ಆ ಏಳು ವರ್ಷಗಳಲ್ಲಿ ಕೇರಿಯವರು ಬರೆದಿಟ್ಟ ದಿನಚರಿಯಲ್ಲಿ ವೀರನ ಮಾತುಗಳಿಲ್ಲ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದು, ಒಳಗೆಲ್ಲ ಒಣಗಿಹೋಗಿದೆ, ತಾನು ನಿಷ್ಪ್ರಯೋಜಕ ಎಂಬ ಗೋಳು ಪದೇ ಪದೇ ಬರುತ್ತದೆ. ಇದನ್ನೋದಿದಾಗ ನನ್ನ ನೋಟುಪುಸ್ತಕದ ಬಿಳಿಯ ಹಾಳೆಗಳ ನೆನಪಾಯಿತು. ಒಂದೇ ವ್ಯತ್ಯಾಸ: ನನ್ನ ಮನಸ್ಸು ಒಣಗಿದಾಗ ನಾನು ಬರೆಯುವುದನ್ನು ನಿಲ್ಲಿಸಿದೆ, ಅವರು ಒಣಗಿದೆ ಎಂಬುದನ್ನೇ ಬರೆದು, ಮರುದಿನ ಬಂಗಾಳಿ ಅನುವಾದಕ್ಕೆ ಕುಳಿತರು.

ಒಂದು ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಡೊರೊಥಿಯವರಿಗೆ ಭಾರತಕ್ಕೆ ಬರಲು ಮನಸ್ಸಿರಲಿಲ್ಲ. ಮೊದಲು ಬರುವುದಿಲ್ಲವೆಂದೇ ಹೇಳಿದ್ದರು. ಕೈಗೂಸನ್ನೆತ್ತಿಕೊಂಡು, ತಂಗಿಯನ್ನು ಜೊತೆಗಿಟ್ಟುಕೊಂಡು ಕಡೆಯ ಗಳಿಗೆಯಲ್ಲಿ ಹೊರಟರು. ಭ್ರಮೆ ಹಿಡಿದ ಮೇಲೆ ಅವರು ಬದುಕಿದ್ದು ಸುಮಾರು ಹನ್ನೆರಡು ವರ್ಷ. 1807ರಲ್ಲಿ ಮುಕ್ತಿ ಸಿಕ್ಕಿತು. ಆಕೆ ಒಂದು ಕೋಣೆಯಲ್ಲಿ ಕೂಗಾಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ಪತಿ ಅನುವಾದ ಮಾಡುತ್ತಿದ್ದರಂತೆ. ಇದನ್ನು ಸಹನೆಯೆಂದು ಹೊಗಳಿದವರಿದ್ದಾರೆ. ನನಗೆ ಹೊಗಳಲು ಮನಸ್ಸು ಬರುವುದಿಲ್ಲ. ಹುಡುಗರು ಹಿಡಿತವಿಲ್ಲದೆ ಬೆಳೆಯುತ್ತಿದ್ದಾಗ ಅವರನ್ನು ತಿದ್ದಿದವರೂ ಮಾರ್ಷ್‌ಮನ್ ದಂಪತಿಗಳು ಮತ್ತು ವಾರ್ಡರೇ. ತಾನು ಹೊರುವ ಭಾರ ಇತರರ ಹೆಗಲಿಗೆ ಎಷ್ಟು ಬೀಳುತ್ತದೆಂಬುದನ್ನು ನೋಡದ ತಾಳ್ಮೆ ಅರ್ಧ ತಾಳ್ಮೆ. ಕೇರಿಯವರನ್ನು ಗೌರವಿಸುವವನು ಈ ಲೆಕ್ಕವನ್ನೂ ಇಡಬೇಕು.

1800ರ ಆರಂಭದಲ್ಲಿ ಅವರು ಡೇನರ ಆಡಳಿತದಲ್ಲಿದ್ದ ಶ್ರೀರಾಂಪುರಕ್ಕೆ ಬಂದರು. ಉಪಾಧ್ಯಾಯ ಜೋಶುವಾ ಮಾರ್ಷ್‌ಮನ್, ಮುದ್ರಕ ವಿಲಿಯಂ ವಾರ್ಡ್ ಜೊತೆಗೂಡಿದರು. ಎಲ್ಲರಿಗೂ ಒಂದೇ ಊಟದ ಮೇಜು, ಒಂದೇ ಹಣದ ಪೆಟ್ಟಿಗೆ. 1801ರಲ್ಲಿ ಬಂಗಾಳಿಯ ಹೊಸ ಒಡಂಬಡಿಕೆ ಪ್ರಕಟವಾಯಿತು. ಅದೇ ವರ್ಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಅಧ್ಯಾಪಕ ಹುದ್ದೆ ಕೇರಿಯವರಿಗೆ ದೊರೆಯಿತು. ಸಂಬಳ ಮುಂದೆ ಇಮ್ಮಡಿಯಾಯಿತು. ತಮ್ಮ ಖರ್ಚಿಗೆ ಬೇಕಾದ ಅಲ್ಪವನ್ನುಳಿದು ಎಲ್ಲವೂ ಆ ಸಾಮಾನ್ಯ ಪೆಟ್ಟಿಗೆಗೆ ಹೋಯಿತು. ಒಂದು ಷಿಲಿಂಗಿಗಾಗಿ ಸುಳ್ಳು ಹೇಳಿದ ಹುಡುಗ ಎಷ್ಟು ದೂರ ನಡೆದು ಬಂದಿದ್ದನೆಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೆ?

ಶ್ರೀರಾಂಪುರದವರು ತಮ್ಮನ್ನು ತಾವು ಅಳೆದುಕೊಳ್ಳಲು ಇಟ್ಟುಕೊಂಡಿದ್ದ ಪದ್ಧತಿಯೂ ಗಮನಾರ್ಹವಾದುದು. ಶನಿವಾರದ ಸಂಜೆ ಎಲ್ಲರೂ ಕೂಡಿ, ವಾರದಲ್ಲಿ ಪರಸ್ಪರ ಬಂದ ಮನಸ್ತಾಪಗಳನ್ನು ಬಾಯಿಬಿಟ್ಟು ಹೇಳಿ ತೀರಿಸಿಕೊಳ್ಳುತ್ತಿದ್ದರು. 1805ರಲ್ಲಿ ಹನ್ನೊಂದು ಅಂಶಗಳ ಒಂದು ಒಪ್ಪಂದವನ್ನು ಬರೆದುಕೊಂಡರು: ಜನರ ಆತ್ಮಗಳಿಗೆ ಬೆಲೆ ಕೊಡುವುದು, ಅವರ ವಿಚಾರಗಳನ್ನು ತಿಳಿದುಕೊಳ್ಳುವುದು, ಪ್ರಾರ್ಥನೆಯಲ್ಲಿ ನಿಲ್ಲುವುದು, ಯಾವುದನ್ನೂ ತನ್ನದೆಂದುಕೊಳ್ಳದಿರುವುದು ಮುಂತಾಗಿ. ಅದನ್ನು ವರ್ಷಕ್ಕೆ ಮೂರು ಸಲ ಎಲ್ಲರೆದುರಿಗೆ ಓದತಕ್ಕದ್ದೆಂದು ನಿಯಮ ಮಾಡಿದರು. ದಿನಕ್ಕೊಂದು ಗುರುತು ಹಾಕುವ ನನ್ನ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ಆಮೇಲೆ ಹೊಳೆಯಿತು. ನನ್ನದು ಒಬ್ಬನೇ ಕುಳಿತು ಮಾಡುವ ಲೆಕ್ಕ. ತಪ್ಪಿದರೆ ಕೇಳುವವರಿಲ್ಲ, ಎತ್ತುವವರೂ ಇಲ್ಲ. ಅವರದು ಜೊತೆಗಾರರ ಮುಂದೆ ಮಾಡುವ ಲೆಕ್ಕ.

ಇನ್ನು 1812ರ ಮಾರ್ಚ್ 11ರ ಸಂಜೆಯ ಕಥೆ. ವಾರ್ಡರು ಅಚ್ಚುಕೂಟದಲ್ಲಿ ಲೆಕ್ಕ ನೋಡುತ್ತಿದ್ದರು. ಕಾಗದ ಪೇರಿಸಿಟ್ಟಿದ್ದ ಕಡೆಯಿಂದ ಹೊಗೆ ಎದ್ದಿತು. ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಚಾವಣಿಯಲ್ಲಿ ತೂತು ಮಾಡಿಸಿ, ಗಂಟೆಗಟ್ಟಲೆ ನೀರು ಹೊಯ್ಯಿಸಿದರು. ಬೆಂಕಿ ಇನ್ನೇನು ಅಡಗಿತೆನ್ನುವಾಗ ಯಾರೋ ಒಂದು ಕಿಟಕಿ ತೆರೆದರು. ಗಾಳಿ ನುಗ್ಗಿತು; ನಡುರಾತ್ರಿಯ ಹೊತ್ತಿಗೆ ಚಾವಣಿ ಕುಸಿಯಿತು. ಮುದ್ರಣಯಂತ್ರಗಳನ್ನು ಹೇಗೋ ಹೊರಗೆಳೆದರು. ಕಾಗದ, ಅನೇಕ ಭಾಷೆಗಳ ಅಚ್ಚುಮೊಳೆಗಳು, ಹಸ್ತಪ್ರತಿಗಳು ಹೋದವು. ಸಂಸ್ಕೃತಕ್ಕೂ ಅದಕ್ಕೆ ಸಂಬಂಧಿಸಿದ ಭಾರತೀಯ ಭಾಷೆಗಳಿಗೂ ಸೇರಿಸಿ ವರ್ಷಾನುಗಟ್ಟಲೆ ಕಟ್ಟಿದ್ದ ಮಹಾಕೋಶ ಸಂಪೂರ್ಣ ಬೂದಿಯಾಯಿತು. ತೆಲುಗು ವ್ಯಾಕರಣ, ರಾಮಾಯಣದ ಇಂಗ್ಲಿಷ್ ಅನುವಾದದ ಒಂದು ವರ್ಷದ ಕೆಲಸ, ಮತ್ತು ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿ ಸಹ ಆ ಬೂದಿಯಲ್ಲಿ ಸೇರಿದವು.

ಕೇರಿಯವರು ಆ ರಾತ್ರಿ ಕಲ್ಕತ್ತೆಯಲ್ಲಿದ್ದರು. ಬೆಳಗ್ಗೆ ಮಾರ್ಷ್‌ಮನ್ನರು ಹೋಗಿ ಸುದ್ದಿ ಹೇಳಿದಾಗ ಸ್ವಲ್ಪ ಹೊತ್ತು ಬಾಯಿಂದ ಮಾತು ಹೊರಡಲಿಲ್ಲ. ಸಂಜೆ ಶ್ರೀರಾಂಪುರಕ್ಕೆ ಬಂದು, ಇನ್ನೂ ಹೊಗೆಯಾಡುತ್ತಿದ್ದ ಅವಶೇಷಗಳ ನಡುವೆ ಕಣ್ಣೀರಿಡುತ್ತ ನಡೆದರು. ಬರುವ ಭಾನುವಾರದ ಬೋಧನೆಗೆ ಅವರು ಆರಿಸಿಕೊಂಡದ್ದು 46ನೆಯ ಕೀರ್ತನೆ. ಕೊಟ್ಟವನಿಗೆ ತೆಗೆದುಕೊಳ್ಳುವ ಹಕ್ಕಿದೆ, ಒಪ್ಪಿಕೊಳ್ಳುವುದು ನಮ್ಮ ಧರ್ಮ ಎಂಬುದು ಬೋಧನೆಯ ಸಾರ. ಒಪ್ಪಿಕೊಳ್ಳುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ಅವರು ತಿಳಿಯಲಿಲ್ಲ. ಬೂದಿಯಲ್ಲಿ ಹುಡುಕಿದಾಗ ಅಕ್ಷರ ಕೊರೆದ ಉಕ್ಕಿನ ಪಡಿಯಚ್ಚುಗಳು ಕೆಡದೆ ಸಿಕ್ಕಿದವು. ಕರಗಿ ಗಟ್ಟಿಯಾಗಿದ್ದ ಲೋಹವನ್ನು ಮತ್ತೆ ಕರಗಿಸಿ ಮೊಳೆಗಳನ್ನು ಎರಕಹೊಯ್ಯುವ ಕೆಲಸ ಕೂಡಲೇ ಆರಂಭವಾಯಿತು. ಸುದ್ದಿ ಮುಟ್ಟಿದ ಎರಡು ತಿಂಗಳೊಳಗಾಗಿ ಬ್ರಿಟನ್ನಿನ ಸ್ನೇಹಿತರು ನಷ್ಟದ ಹಣವನ್ನು ಕೂಡಿಸಿದರು. ಹಣ ಬಂದೀತು, ಸುಟ್ಟ ಹಸ್ತಪ್ರತಿ ಬಾರದು. ಆ ಬಗ್ಗೆ ಕೇರಿಯವರು ಒಬ್ಬ ಸ್ನೇಹಿತರಿಗೆ ಬರೆದ ವಿಚಾರ ಬಹು ಸರಳವಾದುದು: ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಹೆಚ್ಚು ಸುಲಭ, ಹೆಜ್ಜೆಯೂ ಹೆಚ್ಚು ಖಚಿತ, ಆದ್ದರಿಂದ ಕೆಲಸಕ್ಕೆ ನಿಜವಾದ ಹಾನಿಯೇನೂ ಆಗಲಾರದು. ಐದು ವರ್ಷಗಳ ಮೇಲೆ ಹೊರಬಂದ ಆ ಕನ್ನಡ ವ್ಯಾಕರಣ ಎರಡನೆಯ ಸಲ ನಡೆದ ಕಾಲುಗಳ ಗುರುತು.

ಆಮೇಲೆಯೂ ಪೆಟ್ಟುಗಳು ತಪ್ಪಲಿಲ್ಲ. ಹಿರಿಯ ಮಗ ಫೆಲಿಕ್ಸ್ ಬರ್ಮಾದಲ್ಲಿ ದೋಣಿ ಮುಳುಗಿ ಹೆಂಡತಿ ಮಕ್ಕಳನ್ನು ಕಳೆದುಕೊಂಡ. 1822ರಲ್ಲಿ ತಾನೂ ತೀರಿಕೊಂಡ. 1823ರಲ್ಲಿ ಕೇರಿಯವರು ಬಿದ್ದು ಕಾಲಿಗೆ ತೀವ್ರವಾದ ಪೆಟ್ಟಾಗಿ ಮಲಗಿದ್ದಾಗಲೇ ದಾಮೋದರ ನದಿಯ ನೆರೆ ನುಗ್ಗಿ, ಅವರು ಮಕ್ಕಳಂತೆ ಸಾಕಿದ್ದ ಗಿಡಮರಗಳ ತೋಟ ಹಾಳಾಯಿತು. ಮತ್ತೆ ನೆಟ್ಟರು. 1829ರ ಡಿಸೆಂಬರಿನಲ್ಲಿ ಸತಿಪದ್ಧತಿಯನ್ನು ನಿಷೇಧಿಸುವ ಶಾಸನ ಅನುವಾದಕ್ಕಾಗಿ ಕೈಸೇರಿದ ದಿನ ಭಾನುವಾರ. ತಡಮಾಡಿದರೆ ಇನ್ನೊಂದು ಜೀವ ಹೋದೀತೆಂದು, ಬೋಧನೆಯನ್ನು ಬೇರೊಬ್ಬರಿಗೆ ಬಿಟ್ಟು ಸಂಜೆಯೊಳಗೆ ಬಂಗಾಳಿಗೆ ಅನುವಾದಿಸಿ ಮುಗಿಸಿದರು. ಬಂಗಾಳಿಯ ಸತ್ಯವೇದವನ್ನಂತೂ ಮತ್ತೆ ಮತ್ತೆ ತಿದ್ದಿ, ಕೊನೆಯ ತಿದ್ದುಪಡಿಯನ್ನು ಮುಗಿಸಿದ್ದು 1832ರಲ್ಲಿ. ಮೊದಲ ಅನುವಾದದ ಕುಂದುಗಳನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇರಲಿಲ್ಲ.

1831ರ ಆಗಸ್ಟ್ 17ರಂದು ಅವರಿಗೆ ಎಪ್ಪತ್ತು ತುಂಬಿತು. ಅಂದು ಮಗ ಜಾಬೆಜನಿಗೆ ಬರೆದ ಕಾಗದದಲ್ಲಿ ತಮ್ಮ ಜೀವಮಾನದ ಲೆಕ್ಕವನ್ನು ಒಪ್ಪಿಸಿದರು. ಇಷ್ಟು ಭಾಷೆಗಳಲ್ಲಿ ಗ್ರಂಥ ರಚಿಸಿದೆ, ಕಾಲೇಜು ಕಟ್ಟಿದೆ ಎಂಬ ಮಾತು ಅದರಲ್ಲಿಲ್ಲ. ತಾನು ದೇವರ ದಯೆಗೆ ನಿಂತ ಒಂದು ಸ್ಮಾರಕ, ಮಾಡಿದ ಪಾಪಗಳು ಎಣಿಕೆಗೆ ಮೀರಿದವು, ಕರ್ತನ ಕೆಲಸದಲ್ಲಿ ಅಲಕ್ಷ್ಯ ಬಹಳ. ಆದರೂ ಈವರೆಗೆ ಕಾಪಾಡಲ್ಪಟ್ಟಿದ್ದೇನೆ ಎಂಬುದೇ ಅದರ ತಾತ್ಪರ್ಯ. ಇದನ್ನು ಮೊದಲು ಓದಿದಾಗ ನಾನು ಬೆರಗಾದೆ. ಎಪ್ಪತ್ತು ವರ್ಷ ನಡೆದವನ ಲೆಕ್ಕದಲ್ಲಿ ಉಳಿದದ್ದು ಇಷ್ಟೆಯೆ? ಆಮೇಲೆ ಅರ್ಥವಾಯಿತು. ದೀಪ ದೊಡ್ಡದಾದಷ್ಟೂ ಮನೆಯ ಧೂಳು ಚೆನ್ನಾಗಿ ಕಾಣುತ್ತದೆ. ಧೂಳು ಕಂಡಿತೆಂದು ಅವರು ದೀಪವನ್ನು ಆರಿಸಲಿಲ್ಲ, ಕಸಬರಿಗೆಯನ್ನೂ ಬಿಸಾಡಲಿಲ್ಲ. ಆತ್ಮದ ಬೆಳವಣಿಗೆಯ ಗುರುತು ಅದೇ ಇರಬೇಕು.

ತಮ್ಮ ಜೀವನವನ್ನು ಮುಂದೆ ಯಾರಾದರೂ ಬರೆದರೆ, ಬಿಡದೆ ಹೆಜ್ಜೆ ಹಾಕುವ ಶಕ್ತಿಯೊಂದು ತಮಗಿತ್ತೆಂದು ಹೇಳಿದರೆ ಸಾಕು, ಅದಕ್ಕಿಂತ ಹೆಚ್ಚಿನದೆಲ್ಲ ಅತಿಶಯವೆಂದು ಅವರು ತಮ್ಮ ಅಣ್ಣತಮ್ಮಂದಿರ ಮಗನೊಬ್ಬನಿಗೆ ತಿಳಿಸಿದ್ದರು. 1834ನೆಯ ಜೂನ್ 9ರಂದು ಶ್ರೀರಾಂಪುರದಲ್ಲಿ ಕಣ್ಣು ಮುಚ್ಚಿದರು. ಸಮಾಧಿಯ ಕಲ್ಲಿನ ಮೇಲೆ ಹೆಸರು, ತಾರೀಖುಗಳು, ಮತ್ತು ತಮ್ಮನ್ನು ಅತ್ಯಲ್ಪನೆಂದು ಹೇಳಿಕೊಳ್ಳುವ ಒಂದು ಗೀತೆಯ ಎರಡು ಸಾಲುಗಳ ಹೊರತು ಏನೂ ಇರಕೂಡದೆಂದು ಮೊದಲೇ ಬರೆದಿಟ್ಟಿದ್ದರು.

ನನ್ನ ನೋಟುಪುಸ್ತಕ ಈಗಲೂ ಮೇಜಿನ ಮೇಲಿದೆ. ಗೆರೆ ಎಳೆದು ಮನೆ ಮಾಡುವುದನ್ನು ಬಿಟ್ಟಿದ್ದೇನೆ. ಶನಿವಾರದ ಸಂಜೆ ವಿದ್ಯಾರ್ಥಿನಿಲಯದ ಗೆಳೆಯನೊಬ್ಬನೂ ನಾನೂ ಕುಳಿತು ವಾರದ ಲೆಕ್ಕವನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತೇವೆ. ಅವನು ನನ್ನ ಮತದವನಲ್ಲ. ಅದರಿಂದ ಅಡ್ಡಿಯೇನೂ ಆಗಿಲ್ಲ. ಕಳೆದ ತಿಂಗಳಿನಲ್ಲಿ ಎರಡು ಶನಿವಾರ ತಪ್ಪಿಹೋದವು. ಮೂರನೆಯ ಶನಿವಾರ ಮತ್ತೆ ಕುಳಿತೆವು.