ಕಪ್ಪುಕಲ್ಲಿನ ಚರಿತ್ರೆಯನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ನಮ್ಮ ಹೈದರಾಬಾದಿನ ಕೂಕಟ್‌ಪಲ್ಲಿಯ ನೆಲವು ಗ್ರಾನೈಟು ಬಂಡೆಗಳ ನೆಲ. ಈ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ನಗರದ ಸುತ್ತಮುತ್ತ ಈ ಬಂಡೆಗಳನ್ನು ಸೀಳಿಕೊಂಡು ಕಪ್ಪುಕಲ್ಲಿನ ಪಟ್ಟೆಗಳು ಗೋಡೆಗಳಂತೆ ಸಾಗಿರುವುದನ್ನು ಅಲ್ಲಲ್ಲಿ ಕಾಣಬಹುದು. ಡಾಲರೈಟ್ ಎಂಬ ಈ ಶಿಲೆಯು ಬಸಾಲ್ಟಿನ ಒಡಹುಟ್ಟು. ಇಂತಹ ಪುರಾತನ ಶಿಲೆಗಳ ಚರಿತ್ರೆಯನ್ನು ಅರಿಯುವುದಕ್ಕಾಗಿ ದಕ್ಷಿಣ ಭಾರತದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಂಚರಿಸಿದ ಮಹನೀಯರು ರಾಬರ್ಟ್ ಬ್ರೂಸ್ ಫೂಟ್.

ಫೂಟರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. 1863ರ ಮೇ 30ರಂದು ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಕೊಡಲಿಯೊಂದು ಅವರಿಗೆ ದೊರೆಯಿತು. ಅವರ ಕೀರ್ತಿಗೆ ಇದೇ ಮೂಲವಾಯಿತು. ಆದರೆ ಅವರ ನಿತ್ಯದ ಕಾಯಕವು ಶಿಲೆಗಳ ಪರೀಕ್ಷೆಯೇ ಆಗಿತ್ತು.

ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನು ಕುರಿತ ಅವರ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಆ ಸೀಮೆಯಲ್ಲಿ ಎರಡು ಬಗೆಯ ಕಪ್ಪುಶಿಲೆಗಳಿವೆ. ಒಂದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸವು ಹರಿದು ಪದರಪದರವಾಗಿ ಹೆಪ್ಪುಗಟ್ಟಿದ ದಖನ್ನಿನ ಬಸಾಲ್ಟು. ಮತ್ತೊಂದು, ಮಡಿಕೆಮಡಿಕೆಯಾಗಿ ಬಾಗಿದ, ಹಸುರು ಛಾಯೆಯ ಅತಿ ಪುರಾತನ ಶಿಲೆ. ಇದರಲ್ಲಿಯೂ ಬಹುಭಾಗ ಮೂಲತಃ ಬಸಾಲ್ಟೇ.

ಶಿಲಾರಸವು ತಣಿಯುವಾಗ ಅದರಲ್ಲಿ ಆಲಿವೀನ್, ಪೈರಾಕ್ಸೀನ್, ಫೆಲ್ಡ್‌ಸ್ಪಾರ್ ಮೊದಲಾದ ಖನಿಜಗಳು ಸ್ಫಟಿಕಗಳಾಗಿ ಮೂಡುತ್ತವೆ. ಬೇಗ ತಣಿದರೆ ಸ್ಫಟಿಕಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನಿಧಾನವಾಗಿ ತಣಿದರೆ ದೊಡ್ಡವು. ಆದುದರಿಂದಲೇ ಡಾಲರೈಟಿನ ಗೋಡೆಯ ಅಂಚು ನುಣುಪಾಗಿಯೂ ನಡುವು ಒರಟಾಗಿಯೂ ಇರುತ್ತದೆ. ಅನಂತರ ಭೂಮಿಯ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಲುಕಿದಾಗ ಪೈರಾಕ್ಸೀನು ಹಾರ್ನ್‌ಬ್ಲೆಂಡ್ ಆಗಿಯೋ ಕ್ಲೋರೈಟ್ ಆಗಿಯೋ ಮಾರ್ಪಡುತ್ತದೆ. ಪುರಾತನ ಬಸಾಲ್ಟಿನ ಹಸುರು ಬಣ್ಣಕ್ಕೆ ಇದೇ ಕಾರಣ.

ಫೂಟರಿಗಿಂತ ಮುಂಚೆ ಈ ಹಳೆಯ ಶಿಲೆಗಳನ್ನು ಸುತ್ತಲಿನ ನೈಸ್ ಶಿಲೆಯೊಡನೆ ಒಂದೇ ಗುಂಪಿಗೆ ಸೇರಿಸುತ್ತಿದ್ದರು. 1880ರ ದಶಕದಲ್ಲಿ ಬಳ್ಳಾರಿ, ಮೈಸೂರು ಮತ್ತು ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಪ್ರದೇಶಗಳಲ್ಲಿ ಇವುಗಳ ಪಟ್ಟಿಗಳನ್ನು ಗುರುತಿಸಿ, ಇವು ಪ್ರತ್ಯೇಕವಾದುವೆಂದು ಸಾಧಿಸಿ, ಅವರು ಧಾರವಾಡ ಶಿಲಾವರ್ಗವೆಂದು ಹೆಸರಿಟ್ಟರು. ಕೋಲಾರದ ಚಿನ್ನವು ಈ ವರ್ಗದ ಶಿಲೆಗಳಲ್ಲಿಯೇ ಅಡಗಿದ್ದುದರಿಂದ ಈ ವಿಂಗಡಣೆಗೆ ಬಹಳ ಬೆಲೆ ಬಂದಿತು.

ಧಾರವಾಡ ಶಿಲೆಗಳು ಹಳೆಯ ನೈಸಿನ ಮೇಲೆ ಸಂಚಯವಾದುವೆಂಬುದು ಫೂಟರ ಮತ. ಮೈಸೂರು ಇಲಾಖೆಯ ಸ್ಮೀತರು ಇದನ್ನು ಒಪ್ಪದೆ, ನೈಸೇ ಅನಂತರ ಅವುಗಳೊಳಗೆ ನುಗ್ಗಿತೆಂದು ವಾದಿಸಿದರು. ಮುಂದೆ ಶಿಲೆಗಳ ವಯಸ್ಸನ್ನು ಅಳೆಯುವ ವಿಧಾನ ಬಂದಾಗ, 300 ಕೋಟಿ ವರ್ಷಗಳಿಗೂ ಹಳೆಯ ನೈಸು ಧಾರವಾಡ ಶಿಲೆಗಳಿಗೆ ತಳಹದಿಯಾಗಿರುವುದೂ, ಅನಂತರ ಹೊಸ ಗ್ರಾನೈಟುಗಳು ನುಗ್ಗಿರುವುದೂ ತಿಳಿದುಬಂದಿತು. ಇಬ್ಬರೂ ಸತ್ಯದ ಒಂದೊಂದು ಭಾಗವನ್ನು ಕಂಡಿದ್ದರು.

ಬಳ್ಳಾರಿಯ ಬಳಿಯ ಕಪ್ಪಗಲ್ಲಿನಲ್ಲಿ ಗ್ರಾನೈಟು ಬೆಟ್ಟವನ್ನು ಸೀಳಿದ ಡಾಲರೈಟಿನಿಂದ ನವಶಿಲಾಯುಗದ ಜನರು ಕೊಡಲಿಗಳನ್ನು ಮಾಡುತ್ತಿದ್ದ ತಾಣವನ್ನೂ ಫೂಟರು ವರ್ಣಿಸಿದ್ದಾರೆ. ಒತ್ತಾಗಿ ಹೆಣೆದುಕೊಂಡ ಸ್ಫಟಿಕಗಳು ಕಲ್ಲಿಗೆ ಕೊಡುವ ಗಟ್ಟಿತನವನ್ನು ಆ ಜನರು ಕೈಯಿಂದಲೇ ಅರಿತಿದ್ದರು.

1891ರಲ್ಲಿ ನಿವೃತ್ತರಾದ ಮೇಲೆಯೂ ಫೂಟರು ವಿಶ್ರಮಿಸಲಿಲ್ಲ. ಬರೋಡಾ ಸಂಸ್ಥಾನದಲ್ಲಿ ದುಡಿದು, 1894ರಲ್ಲಿ ಸ್ಥಾಪಿತವಾದ ಮೈಸೂರು ಭೂಗರ್ಭ ಇಲಾಖೆಯ ಮೊದಲ ಮುಖ್ಯಸ್ಥರಾದರು. ಅವರ ಪ್ರಾಚೀನ ವಸ್ತುಗಳ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು.

ನಗರವು ಬೆಳೆದಂತೆ ನಮ್ಮ ಸುತ್ತಲಿನ ಎಷ್ಟೋ ಬಂಡೆಗಳು ಒಡೆದುಹೋಗಿವೆ. ಉಳಿದಿರುವ ಬಂಡೆಯ ಮುಂದೆ ಒಂದು ಗಳಿಗೆ ನಿಂತು, ಅದರ ಕಣಗಳನ್ನು ಕಣ್ಣಿಟ್ಟು ನೋಡುವುದೇ ನಾವು ಫೂಟರಿಗೆ ಸಲ್ಲಿಸಬಹುದಾದ ಗೌರವ.