ಬಾಟಲಿಗೆ ಅಂಟಿಸಿದ ಚೀಟಿ: ಡಾ. ಚಾರ್ಲ್ಸ್ ಡ್ರೂ ಬದುಕು

ಚಾರ್ಲ್ಸ್ ಡ್ರೂ ನನಗೆ ಮೊದಲು ಪರಿಚಯವಾದದ್ದು ಒಂದು ಸುಳ್ಳಿನ ಮೂಲಕ. ಅಮೆರಿಕದಲ್ಲಿ ರಕ್ತನಿಧಿ ಕಟ್ಟಿದ ಕಪ್ಪು ವೈದ್ಯ ಅಪಘಾತಕ್ಕೆ ಸಿಕ್ಕಾಗ, ಬಿಳಿಯರ ಆಸ್ಪತ್ರೆ ರಕ್ತ ಕೊಡದೆ ಸಾಯಲು ಬಿಟ್ಟಿತು ಅನ್ನೋ ಕತೆ ಅದು. ಕಾಲೇಜು ದಿನಗಳಲ್ಲಿ ನಾನೂ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಓದುತ್ತಾ ಹೋದಾಗ ಗೊತ್ತಾಯ್ತು, ಹಾಗೆ ಆಗಿರಲೇ ಇಲ್ಲ. ಆಗಿದ್ದೇ ಬೇರೆ.

ಡ್ರೂ ಹುಟ್ಟಿದ್ದು 1904ರಲ್ಲಿ, ವಾಷಿಂಗ್ಟನ್‌ನಲ್ಲಿ. ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಸೀಟು ಸಿಗುವುದೇ ಕಷ್ಟವಿದ್ದ ಕಾಲ. ಕೆನಡಾದ ಮೆಕ್‌ಗಿಲ್ ವಿವಿಗೆ ಹೋಗಿ 1933ರಲ್ಲಿ ವೈದ್ಯರಾದರು. 1940ರಲ್ಲಿ ಕೊಲಂಬಿಯಾ ವಿವಿಯಿಂದ ಡಾಕ್ಟರೇಟ್ ಪಡೆದರು. ವಿಷಯ, ರಕ್ತವನ್ನು ಕೂಡಿಡೋದು ಹೇಗೆ.

ಆಗ ರಕ್ತ ಒಂದು ವಾರದಾಚೆ ಉಳಿಯೋದು ಕಷ್ಟವಿತ್ತು. ರಕ್ತಕಣಗಳನ್ನು ತೆಗೆದರೆ ಉಳಿಯುವ ತಿಳಿಹಳದಿ ದ್ರವ, ಅಂದರೆ ಪ್ಲಾಸ್ಮಾ, ಹೆಚ್ಚು ದಿನ ಬಾಳುತ್ತೆ. ಅದರಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರೇ. ದುಡಿಯೋದು ಮಿಕ್ಕ ಭಾಗದ ಪ್ರೋಟೀನುಗಳು. ಆಲ್ಬುಮಿನ್, ನೀರು ರಕ್ತನಾಳದಿಂದ ಸೋರಿಹೋಗದಂತೆ ಹಿಡಿದಿಡುತ್ತೆ. ರಕ್ತ ಸುರಿದು ಕುಸಿದುಬಿದ್ದವರಿಗೆ ಪ್ಲಾಸ್ಮಾ ಆಸರೆಯಾಗೋದು ಮುಖ್ಯವಾಗಿ ಇದರಿಂದ. ಫೈಬ್ರಿನೋಜೆನ್ ಎಳೆಎಳೆಯಾಗಿ ಬಲೆ ಹೆಣೆದು ಗಾಯ ಮುಚ್ಚುತ್ತೆ. ಗ್ಲಾಬ್ಯುಲಿನ್‌ಗಳಲ್ಲಿ ಕೆಲವು ಸೋಂಕಿನ ವಿರುದ್ಧ ಹೋರಾಡಿದರೆ, ಇನ್ನು ಕೆಲವು ಕಬ್ಬಿಣ, ಕೊಬ್ಬು ಹೊರುತ್ತವೆ. ಇವ್ಯಾವುದರ ಮೇಲೂ ದಾನಿಯ ಚರ್ಮದ ಬಣ್ಣ ಬರೆದಿರಲ್ಲ.

1940ರಲ್ಲಿ ಲಂಡನ್ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ನ್ಯೂಯಾರ್ಕ್‌ನಿಂದ ಪ್ಲಾಸ್ಮಾ ಕಳಿಸುವ ಯೋಜನೆಯ ವೈದ್ಯಕೀಯ ಹೊಣೆ ಡ್ರೂ ಹೆಗಲಿಗೆ ಬಂತು. ಸುಮಾರು 14,500 ಜನ ರಕ್ತ ಕೊಟ್ಟರು. 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ದ್ರಾವಣ ಬ್ರಿಟನ್‌ಗೆ ಹೋಯಿತು. 1941ರಲ್ಲಿ ರೆಡ್‌ಕ್ರಾಸ್‌ನ ರಕ್ತನಿಧಿ ಪ್ರಯೋಗವನ್ನೂ ಅವರೇ ಮುನ್ನಡೆಸಿ, ಅದೇ ವರ್ಷ ಹೋವರ್ಡ್ ವಿವಿಗೆ ಮರಳಿ ಕಪ್ಪು ಸರ್ಜನ್‌ಗಳನ್ನು ತಯಾರು ಮಾಡಲು ಕೂತರು.

ಅದೇ ರೆಡ್‌ಕ್ರಾಸ್, ಸೇನೆಯ ಮಾತಿಗೆ ತಲೆಯಾಡಿಸಿ, ಕಪ್ಪು ಜನರ ರಕ್ತ ಬೇಡ ಅಂದಿತು. ಪ್ರತಿಭಟನೆ ಜೋರಾದಾಗ 1942ರಲ್ಲಿ ತಗೊಳ್ಳಲು ಒಪ್ಪಿತು. ಆದರೆ ಬಾಟಲಿಗೆ ಬೇರೆ ಚೀಟಿ! ರಕ್ತದ ಗುಂಪು ನೋಡದೆ ಕೊಡುತ್ತಿದ್ದ ಪ್ಲಾಸ್ಮಾಕ್ಕೂ ಜನಾಂಗ ನೋಡಿದರು. ಡ್ರೂ ಸ್ವತಃ ರಕ್ತ ಕೊಟ್ಟಿದ್ದರೂ ಅದು ಬೇರೆ ಕಪಾಟಿಗೇ ಹೋಗುತ್ತಿತ್ತು. ಇದಕ್ಕೆ ವಿಜ್ಞಾನದ ಆಧಾರವಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು. ರೆಡ್‌ಕ್ರಾಸ್ ಈ ವಿಂಗಡಣೆ ಬಿಟ್ಟಿದ್ದು 1950ರಲ್ಲಿ. ಲೂಸಿಯಾನಾ ರಾಜ್ಯದಲ್ಲಿ ಅಂಥ ಕಾನೂನು 1972ರವರೆಗೂ ಇತ್ತು.

1950ರ ಏಪ್ರಿಲ್ 1ರ ಬೆಳಗ್ಗೆ, ನಾರ್ತ್ ಕೆರೊಲಿನಾದಲ್ಲಿ ಕಾರು ಓಡಿಸುತ್ತಿದ್ದ ಡ್ರೂ ನಿದ್ದೆಗೆ ಜಾರಿದರು. ಬಿಳಿಯ ವೈದ್ಯರು ಕೈಲಾದದ್ದೆಲ್ಲ ಮಾಡಿದರು. ಜೊತೆಗಿದ್ದ ಕಪ್ಪು ವೈದ್ಯರೇ ಅದಕ್ಕೆ ಸಾಕ್ಷಿ. ಪೆಟ್ಟು ಅಷ್ಟು ತೀವ್ರವಾಗಿತ್ತು. ಆದರೆ ಅದೇ ವರ್ಷ, ಅದೇ ರಾಜ್ಯದಲ್ಲಿ, ಅಪಘಾತಕ್ಕೆ ಸಿಕ್ಕ ಕಪ್ಪು ಯುವಕನೊಬ್ಬನನ್ನು ಕಪ್ಪು ಜನರ ಹಾಸಿಗೆ ಖಾಲಿಯಿಲ್ಲ ಅಂತ ಆಸ್ಪತ್ರೆಯೊಂದು ಸಾಗಹಾಕಿತು. ಆತ ಸತ್ತ. ಡ್ರೂ ಕತೆಯನ್ನು ಜನ ಸುಮ್ಮನೆ ನಂಬಲಿಲ್ಲ.

ಆದರೂ ನಾನೀಗ ಅದನ್ನು ಹೇಳಲ್ಲ. ಯಾಕಂದ್ರೆ ಅದು ಇಡೀ ಅನ್ಯಾಯವನ್ನು ಒಂದು ಆಸ್ಪತ್ರೆಗೆ, ನಾಲ್ಕು ಕೆಟ್ಟ ಡಾಕ್ಟರುಗಳಿಗೆ ಇಳಿಸಿಬಿಡುತ್ತೆ. ನಿಜವಾದ ಅನ್ಯಾಯ ನಡೆದದ್ದು ಕಚೇರಿಗಳಲ್ಲಿ, ಹಾಡಹಗಲೇ, ಸಹಿ ಹಾಕಿ, ಬಾಟಲಿಗೆ ಚೀಟಿ ಅಂಟಿಸಿ. ಅದನ್ನು ಹೇಳೋಕೆ ಸುಳ್ಳಿನ ನೆರವು ಬೇಕಿಲ್ಲ.