ಚದುರಂಗದ ಮಣೆಯ ಮುಂದೆ ಮುಮ್ಮಡಿ ಕೃಷ್ಣರಾಜರು

ಗತಕಾಲದ ಕಾಳಗಗಳನ್ನು ಪುಟ್ಟ ಪ್ರತಿಮೆಗಳಿಂದ ಮೇಜಿನ ಮೇಲೆ ಮತ್ತೆ ಆಡಿನೋಡುವ ವಿನೋದವೊಂದು ಈಗ ದೇಶವಿದೇಶಗಳಲ್ಲಿ ಪ್ರಚಾರದಲ್ಲಿದೆ. ಬೆರಳುದ್ದದ ಕವಚದ ಮೋಟಾರು ಗಾಡಿಯೊಂದಕ್ಕೆ ಬಣ್ಣ ಬಳಿದು, ಅದು ಆಗತಾನೆ ಮರುಭೂಮಿಯಿಂದ ಮರಳಿತೋ ಎಂಬಂತೆ ಅಂಚಿಗೆ ತುಕ್ಕನ್ನೂ ಚಕ್ರಕ್ಕೆ ಧೂಳನ್ನೂ ಬರೆಯುವುದರಲ್ಲಿ ಅದರ ಆಸಕ್ತರು ರಾತ್ರಿಗಳನ್ನು ಕಳೆಯುತ್ತಾರೆ. ಬೆಳೆದವರಿಗೆ ಇದೆಂತಹ ಆಟಿಕೆಯ ಹುಚ್ಚು ಎಂದು ನಗುವವರೂ ಉಂಟು. ಆದರೆ ಯುದ್ಧವನ್ನು ಅಂಗೈಯಗಲಕ್ಕೆ ಇಳಿಸಿ, ಬಣ್ಣ ತುಂಬಿ, ನಿಯಮ ಕಟ್ಟಿ ಆಡುವ ಹಂಬಲ ಕನ್ನಡ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಕ್ರೀಡೆಗಳಿಗೆಂದೇ ಒಂದು ವಿಂಶತಿಯನ್ನು ಮೀಸಲಿಟ್ಟನು. ಅದೇ ದಾರಿಯಲ್ಲಿ ಬಹಳ ಮುಂದೆ ನಡೆದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರಿಗೆ ಆಟವೆಂಬುದು ಬಿಡುವಿನ ವೇಳೆಯ ಮಾತಾಗಿರಲಿಲ್ಲ. ಬಾಳಿನ ಅರ್ಧಭಾಗ ಅದರೊಡನೆಯೇ ಕಳೆಯಿತು. ಅದಕ್ಕೆ ಕಾರಣವೂ ಇತ್ತು.

1794ರ ಜುಲೈ 14ರಂದು ಅವರು ಹುಟ್ಟಿದಾಗ ಒಡೆಯರ ಮನೆತನ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ ಹೆಸರಿಗಷ್ಟೇ ಉಳಿದ ಅರಸುಮನೆತನವಾಗಿತ್ತು. ತಂದೆ ಖಾಸಾ ಚಾಮರಾಜರು ಎರಡೇ ವರ್ಷಗಳಲ್ಲಿ ತೀರಿಕೊಂಡರು. 1799ರ ಮೇ 4ರಂದು ಪಟ್ಟಣ ಬಿದ್ದು ಸುಲ್ತಾನನು ಮಡಿದ ಮೇಲೆ ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ಆ ಹಂಚಿಕೆಯಲ್ಲಿ ಕೆನರಾ ಸೀಮೆ ಕುಂಪಣಿಯ ಪಾಲಾಯಿತು. ಕುಂಬಾರವಾಡ ಇರುವ ನಮ್ಮ ಸೂಪಾ ಪ್ರಾಂತ, ಎಂದರೆ ಇಂದಿನ ಜೋಯಿಡಾ ತಾಲೂಕು, ಮೈಸೂರಿನಿಂದ ಬೇರೆಯಾದುದು ಆಗಲೇ. ಉಳಿದ ಮೈಸೂರಿಗೆ ಜೂನ್ 30ರಂದು ಐದು ವರ್ಷದ ಈ ಬಾಲಕನು ಅರಸನಾದನು.

ಕಿರೀಟದೊಡನೆ ಒಂದು ಒಪ್ಪಂದವೂ ಬಂದಿತು. ರಾಜ್ಯದ ರಕ್ಷಣೆ ಕುಂಪಣಿಯ ಸೈನ್ಯದ್ದು. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕು. ಪಟ್ಟದ ಆನೆ, ಪಟ್ಟದ ಕುದುರೆ, ದಸರೆಯ ಮೆರವಣಿಗೆ ಎಲ್ಲವೂ ಇದ್ದವು. ಯುದ್ಧ ಹೂಡುವ ಅಧಿಕಾರವೊಂದು ಮಾತ್ರ ಇರಲಿಲ್ಲ. ಅಜ್ಜಿ ಲಕ್ಷ್ಮಮ್ಮಣ್ಣಿಯವರ ಪೋಷಣೆಯಲ್ಲಿ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಬಾಲ್ಯ ಕಳೆಯಿತು. 1811ರಲ್ಲಿ ಪೂರ್ಣಯ್ಯನವರು ನಿವೃತ್ತರಾದ ಮೇಲೆ ದೊರೆಗಳು ತಾವೇ ಆಳತೊಡಗಿದರು. ಅವರು ಕೊಡುಗೈಯವರು. ಕವಿಗಳೂ ವೈಣಿಕರೂ ಚಿತ್ರಕಾರರೂ ಅರಮನೆಯನ್ನು ತುಂಬಿದರು. ಅವರ ಕಾಲದಲ್ಲೇ ಕೆಂಪುನಾರಾಯಣನು ಮುದ್ರಾಮಂಜೂಷವನ್ನು ಬರೆದನು. ಆದರೆ ಬೊಕ್ಕಸ ಬರಿದಾಗುತ್ತ ಬಂದಿತು, ಸಾಲ ಏರಿತು, ಕಂದಾಯದ ಅಧಿಕಾರಿಗಳು ರೈತರನ್ನು ಹಿಂಡಿದರು. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಅವರ ದೂರು ನಿಜವಾದ ದೂರು. ದೊರೆಗಳ ಮೇಲಿನ ಅಭಿಮಾನದಿಂದ ಅದನ್ನು ಮರೆಮಾಚುವುದು ಸಲ್ಲದು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ಕುಂಪಣಿಗೆ ವಹಿಸಿಕೊಂಡನು. ಆಗ ದೊರೆಗಳಿಗೆ 37 ವರ್ಷ. ಇನ್ನೂ ಸುಮಾರು ಅಷ್ಟೇ ವರ್ಷಗಳನ್ನು ಅವರು ಅರಮನೆಯಲ್ಲಿ, ರಾಜ್ಯವಿಲ್ಲದ ರಾಜರಾಗಿ ಕಳೆಯಬೇಕಾಯಿತು.

ಈ ಕಾಲದ ಅವರ ಉದ್ಯೋಗವನ್ನು ನೋಡಿದರೆ ಬೆರಗಾಗುತ್ತದೆ. ಅವರ ಹೆಸರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯೆಂಬ ಮಹಾ ಚಿತ್ರಗ್ರಂಥದಲ್ಲಿ ಒಂಬತ್ತು ನಿಧಿಗಳು, ಕಡೆಯದು ಕೌತುಕನಿಧಿ. ಅದರಲ್ಲಿರುವ 122 ಯೋಗಾಸನಗಳ ಚಿತ್ರಗಳಿಗೆ ಇಂದು ಲೋಕಪ್ರಸಿದ್ಧಿ ಬಂದಿದೆ. ಅದೇ ನಿಧಿಯಲ್ಲಿ ಅವರು ಕಲ್ಪಿಸಿದ ಎಲೆಯಾಟಗಳೂ ಇವೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಇವು ಇಸ್ಪೀಟಿನ ಎಲೆಗಳಲ್ಲ. ಗಂಜೀಫಾ, ಮೈಸೂರಿನಲ್ಲಿ ಚದ. ಈ ಆಟದ ಒಳಗಿರುವುದು ಯುದ್ಧವೇ. ಅಕ್ಬರನ ಆಸ್ಥಾನದ ಗಂಜೀಫಾದಲ್ಲಿ ಕುದುರೆಗಳ ಒಡೆಯ, ಆನೆಗಳ ಒಡೆಯ, ಕೋಟೆಗಳ ಒಡೆಯ ಎಂದು ಒಂದೊಂದು ರಂಗಿಗೂ ಒಬ್ಬೊಬ್ಬ ಅರಸನಿದ್ದನು. ಮುಮ್ಮಡಿಯವರು ಇದನ್ನು ಬೆಳೆಸಿದ ರೀತಿಯನ್ನು ಎಣಿಸಿ ನೋಡಿರಿ: ಸಾಮಾನ್ಯವಾಗಿ ಒಂದು ರಂಗಿಗೆ 12 ಎಲೆಗಳಿದ್ದಲ್ಲಿ ಅವರ ಚದಗಳಲ್ಲಿ 18 ಎಲೆಗಳು, ಅವುಗಳಲ್ಲಿ ಆರು ಚಿತ್ರದ ಎಲೆಗಳು. ಕೆಲವು ಆಟಗಳಲ್ಲಿ 18 ರಂಗುಗಳು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು!

ಇಷ್ಟು ಎಲೆಗಳಿಗೂ ಕೈಯಿಂದಲೇ ಬಣ್ಣ ಬರೆಯಬೇಕು. ಮೈಸೂರು ಶೈಲಿಯ ಚಿತ್ರಕಾರರು ಕಲ್ಲುಗಳನ್ನು ಅರೆದು ಬಣ್ಣ ತೆಗೆಯುತ್ತಿದ್ದರು, ಅಳಿಲಿನ ಬಾಲದ ಕೂದಲಿನಿಂದ ಕುಂಚ ಕಟ್ಟುತ್ತಿದ್ದರು. ದೇವಾಲಯದ ಗೋಡೆಯಲ್ಲಿ ಆಳೆತ್ತರ ಬರೆಯಬಲ್ಲ ದೇವತೆಯನ್ನು ಅಂಗೈಯೊಳಗೆ ಅಡಗುವಂತೆ, ಆಯುಧ, ವಾಹನ, ಕಿರೀಟಗಳಲ್ಲಿ ಒಂದೂ ತಪ್ಪದಂತೆ ಬರೆಯುವುದು ಸಾಮಾನ್ಯ ಶ್ರಮವಲ್ಲ. ಈ ಕೆಲಸವನ್ನು ಕಣ್ಣಾರೆ ನೋಡಬಯಸುವ ನಮ್ಮ ಕಡೆಯವರು ಮೈಸೂರಿನವರೆಗೂ ಹೋಗಬೇಕಾಗಿಲ್ಲ. ಕುಂಬಾರವಾಡದಿಂದ ಘಟ್ಟ ಇಳಿದು ಗೋವೆಯನ್ನು ದಾಟಿದರೆ ಸಾವಂತವಾಡಿ. ಅಲ್ಲಿನ ಅರಮನೆಯಲ್ಲಿ ಇಂದಿಗೂ ಬಟ್ಟೆಗೆ ಹುಣಿಸೆಬೀಜದ ಅಂಟು ಹಚ್ಚಿ, ಉಜ್ಜಿ ನುಣುಪು ಮಾಡಿ, ಅರಗಿನ ಮೆರುಗು ಕೊಟ್ಟು ದುಂಡನೆಯ ದಶಾವತಾರದ ಎಲೆಗಳನ್ನು ಬರೆಯುತ್ತಾರೆ. ಒಂದು ಕಟ್ಟಿಗೆ 120 ಎಲೆಗಳು. ಹಗಲಿನಲ್ಲಿ ಆಡಿದರೆ ರಾಮನ ರಂಗು ಮೊದಲು, ಇರುಳಿನಲ್ಲಿ ಕೃಷ್ಣನದು. ಇದರ ಮೂರರಷ್ಟು ಎಲೆಗಳ ಆಟವನ್ನು ಯಾರು ಯಾರೊಡನೆ ಎಷ್ಟು ಇರುಳು ಆಡಬಹುದಾಗಿತ್ತು? ಬಹುಶಃ ಆಡುವುದಕ್ಕಿಂತ ರಚಿಸುವುದರಲ್ಲೇ ದೊರೆಗಳಿಗೆ ಹೆಚ್ಚಿನ ಸುಖವಿದ್ದಿರಬೇಕು.

ಚದುರಂಗದಲ್ಲಿ ಅವರ ಮನಸ್ಸು ಹಿಡಿದದ್ದು ಕುದುರೆಯ ನಡೆಯನ್ನು. 64 ಮನೆಗಳಲ್ಲಿ ಯಾವುದನ್ನೂ ಬಿಡದೆ, ಯಾವುದನ್ನೂ ಎರಡನೆಯ ಸಲ ಮೆಟ್ಟದೆ ಕುದುರೆಯನ್ನು ನಡೆಸಬೇಕು. ಈ ಸಮಸ್ಯೆ ನಮ್ಮ ಆಲಂಕಾರಿಕರಿಗೆ ತಿಳಿದದ್ದೇ. 9ನೆಯ ಶತಮಾನದಲ್ಲಿ ರುದ್ರಟನು ಇದರ ಮೇಲೆ ಚಿತ್ರಕಾವ್ಯವನ್ನೇ ಕಟ್ಟಿದ್ದಾನೆ. ದೊರೆಗಳು ಇದಕ್ಕೆ ಇನ್ನೊಂದು ಬಂಧನವನ್ನು ಸೇರಿಸಿಕೊಂಡರು. ಕುದುರೆ ಮೆಟ್ಟಿದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕುತ್ತ ಹೋದರೆ, ಅಡ್ಡಸಾಲು ನೇರಸಾಲು ಯಾವುದನ್ನು ಕೂಡಿದರೂ ಮೊತ್ತ 260 ಆಗಬೇಕು. ಇಂಗ್ಲೆಂಡಿನಲ್ಲಿ ಬೆವರ್ಲಿ ಎಂಬಾತನು 1848ರಲ್ಲಿ ಇಂತಹ ನಡೆಯೊಂದನ್ನು ಪ್ರಕಟಿಸಿದನು. ಮೈಸೂರಿನ ದೊರೆಗಳು ತಮ್ಮ ನಡೆಯನ್ನು 1852ರಲ್ಲಿ ರೇಷ್ಮೆಯ ಬಟ್ಟೆಯ ಮೇಲೆ ಮೂಡಿಸಿದರು. ಗಣಿತದ ಚರಿತ್ರೆಯನ್ನು ಬರೆಯುವವರು ಈ ಪ್ರಸಂಗ ಬಂದಾಗ ಅವರ ಹೆಸರನ್ನು ಇಂದಿಗೂ ಹೇಳುತ್ತಾರೆ.

ಇದೇ ಶತಮಾನದಲ್ಲಿ ಯುರೋಪಿನಲ್ಲೂ ಯುದ್ಧದ ಆಟ ಬೆಳೆಯುತ್ತಿತ್ತು. 1824ರಲ್ಲಿ ಪ್ರಷ್ಯದ ಯುವ ಅಧಿಕಾರಿ ರೈಸ್ವಿಟ್ಸನು ನಕ್ಷೆಯ ಮೇಲೆ ಸಣ್ಣ ಅಚ್ಚುಗಳನ್ನು ಸರಿಸಿ ಆಡುವ ಆಟವನ್ನು ಪ್ರಕಟಿಸಿದನು. ಬರ್ಲಿನ್ನಿನ ಸೇನಾಧಿಕಾರಿಗಳು ಅದರಿಂದ ಮುಂದಿನ ಯುದ್ಧಗಳಿಗೆ ಪಾಠ ಕಲಿತರು. ಅಲ್ಲಿ ಆಟವು ಯುದ್ಧಕ್ಕೆ ಮೊದಲು ಬಂದಿತು. ಮೈಸೂರಿನಲ್ಲಿ ಯುದ್ಧಗಳೆಲ್ಲ ಮುಗಿದ ಮೇಲೆ ಬಂದಿತು. ಆದುದರಿಂದಲೇ ನಮ್ಮ ದೊರೆಗಳ ಮಣೆಯಲ್ಲಿ ಗೆಲ್ಲಬೇಕಾದ ಶತ್ರುವಿಲ್ಲ. ಕುದುರೆಯೊಂದು ಒಂಟಿಯಾಗಿ ಇಡೀ ನೆಲವನ್ನು ಸುತ್ತುತ್ತದೆ. ಇದನ್ನು ಸೋತವನ ಸಮಾಧಾನವೆಂದು ಕರೆದು ಮುಗಿಸುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಏಕೆಂದರೆ ಇದೇ ವರ್ಷಗಳಲ್ಲಿ ಅವರು ಇನ್ನೊಂದು ಮಣೆಯ ಮೇಲೂ ಆಡುತ್ತಿದ್ದರು, ಅಲ್ಲಿ ಎದುರಾಳಿ ಇದ್ದನು.

ರಾಜ್ಯವನ್ನು ಹಿಂದಿರುಗಿಸಬೇಕೆಂದು ಅವರು ಕುಂಪಣಿಗೂ, ಕುಂಪಣಿ ಅಳಿದ ಮೇಲೆ ರಾಣಿಯ ಸರ್ಕಾರಕ್ಕೂ ಬಿಡದೆ ಬರೆದುಕೊಂಡರು. ಬೆಂಟಿಂಕನಿಗೇ ತಾನು ಮಾಡಿದ್ದರ ಬಗ್ಗೆ ಆಮೇಲೆ ಸಂದೇಹ ಹುಟ್ಟಿದ್ದರೂ ಲಂಡನ್ನಿನಿಂದ ಒಪ್ಪಿಗೆ ಬರಲಿಲ್ಲ. ಕಮಿಷನರರು ಬಂದರು, ಹೋದರು. ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರವರೆಗೆ ಆಳಿದನು. ದೊರೆಗಳಿಗೆ ಔರಸ ಪುತ್ರರಿರಲಿಲ್ಲ. ಉತ್ತರಾಧಿಕಾರಿಯಿಲ್ಲದೆ ಅವರು ಕಣ್ಮುಚ್ಚಿದ್ದರೆ ಮೈಸೂರು ಬ್ರಿಟಿಷ್ ಪ್ರಾಂತದೊಳಗೆ ಕರಗಿಹೋಗುತ್ತಿತ್ತು. 1865ರಲ್ಲಿ, 70 ದಾಟಿದ ಮೇಲೆ, ಎರಡು ವರ್ಷದ ಚಾಮರಾಜೇಂದ್ರನನ್ನು ಅವರು ದತ್ತು ತೆಗೆದುಕೊಂಡರು. ಕಲ್ಕತ್ತೆ ಒಪ್ಪಲಿಲ್ಲ. ದೊರೆಗಳು ಹಿಂಜರಿಯಲಿಲ್ಲ. 1867ರಲ್ಲಿ ಲಂಡನ್ ಸರ್ಕಾರ ದತ್ತಕವನ್ನು ಮನ್ನಿಸಿತು. ಮರುವರ್ಷ, 1868ರ ಮಾರ್ಚ್ 27ರಂದು, ಅವರು ತೀರಿಕೊಂಡರು. ಆ ಹುಡುಗನ ಕೈಗೆ 1881ರಲ್ಲಿ ಮೈಸೂರು ಮರಳಿ ಬಂದಿತು.

ಅವರು ಆಳಿದ, ಆಡಿದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. 1861ರಲ್ಲಿ ಅವರೇ ಕಟ್ಟಿಸಿದ ಜಗನ್ಮೋಹನ ಅರಮನೆ ಉಳಿದಿದೆ. ಅದರ ರಂಗಮಹಲಿನ ಗೋಡೆಗಳ ಮೇಲೆ ದೊರೆಗಳ ಆಟಗಳನ್ನು, ಮನೆಮನೆಗೂ ಅಂಕಿ ಹಾಕಿದ ಕುದುರೆಯ ನಡೆಯನ್ನು ಚಿತ್ರಕಾರರು ಬರೆದಿಟ್ಟಿದ್ದಾರೆ.